ಹಚ್ಚಿಸಿಕೊಂಡ ಮೀಸೆ

ಮಾರ್ಚ್ 8 ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ, ಮಹಿಳಾ ಮಂಡಳಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಭಾಷಣ ಮಾಡಲಿಕ್ಕೆ ಒಬ್ಬ ಅಕ್ಕೋರು ಬೇಕಾಗುತ್ತಾರೆ. ಯಲವಿಗಿಯಲ್ಲಿ ಆ ಅಕ್ಕೋರು ಬಹಳ ವರ್ಷಗಳಿಂದ ನಾನೇ. ಧಾರವಾಡದಲ್ಲಿ ಬಿ.ಎ., ಬಿ.ಇಡಿ. ಮುಗಿಸಿ ಕನ್ನಡ ಕಲಿಸುತ್ತ ಬಂದವಳು ನಾನು. ಹೀಗಾಗಿ ಭಾಷಣದ ನಡುವೆ ಜೇಡರ ದಾಸಿಮಯ್ಯನ ವಚನವೊಂದನ್ನು ಹೇಳುವುದು ನನ್ನ ರೂಢಿ. ನಿಮಗೂ ಗೊತ್ತಿರುವ ವಚನವೇ. ಹೆಣ್ಣು, ಗಂಡು ಎಂಬ ಹೆಸರುಗಳನ್ನು ಜನ ಮೈಮೇಲಿನ ಗುರುತು ನೋಡಿ ಇಡುತ್ತಾರೆ. ಹೆಣ್ಣಿಗೆ ಅವಳ ಎದೆ ಮತ್ತು ತಲೆಗೂದಲು ಗುರುತು, ಗಂಡಿಗೆ ಮುಖದ ಗಡ್ಡ ಮೀಸೆ ಗುರುತು. ಒಳಗಿರುವ ಆತ್ಮಕ್ಕೆ ಮಾತ್ರ ಅಂಥ ಗುರುತಿಲ್ಲ. ಇದು ಅದರ ತಿರುಳು. ಇದನ್ನು ಹೇಳಿದೊಡನೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ನಾನು ಗೆದ್ದವಳಂತೆ ನೀರು ಕುಡಿಯುತ್ತೇನೆ.

ಇಷ್ಟು ವರ್ಷ ಹೇಳಿದ ಆ ವಚನವನ್ನು ನಾನು ಅರ್ಧವಷ್ಟೇ ಓದಿದ್ದೆ ಎಂದು ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ. ಈ ಬರಹ ಅವನಿಂದಲೇ ಹುಟ್ಟಿದ್ದು.

2023ರ ದೀಪಾವಳಿಗೆ ಅವನು ಮನೆಗೆ ಬಂದಿದ್ದ. ಆಗ ಅವನಿಗೆ 31 ವರ್ಷ. ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರಲ್ಲಿ ನೌಕರಿ. ಹೈಸ್ಕೂಲು ಕಲಿಯುವಾಗ ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದವನಾದ್ದರಿಂದ ನನ್ನ ಹತ್ತಿರ ಸಲಿಗೆ ಹೆಚ್ಚು. ಕರಿಗಡಬು ತಿಂದು, ಎಲೆ ಅಡಿಕೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಹೇಳಿದ:

“ಚಿಗವ್ವಾ, ಮೀಸಿ ಹಚ್ಚಿಸ್ಕೋಬೇಕಂತ ಮಾಡೇನಿ.”

ನಾಟಕದಲ್ಲಿ ಪಾರ್ಟು ಮಾಡುತ್ತಾನೇನೋ ಎಂದುಕೊಂಡೆ. ನಮ್ಮೂರ ಕಡೆ ಜಾತ್ರೆಗೆ ನಾಟಕ ಆಡುವುದು, ಅಂಟು ಹಚ್ಚಿ ಮೀಸೆ ಕೂಡ್ರಿಸುವುದು ಹೊಸದಲ್ಲ. “ಯಾವ ಪಾರ್ಟಪಾ?” ಎಂದೆ.

“ಪಾರ್ಟಲ್ಲ. ಖಾಯಂ ಹಚ್ಚಿಸ್ಕೊಳ್ಳೋದು. ತಲಿ ಹಿಂದಿನ ಕೂದಲಾ ಬೇರಸೈತ ತಗದು ಮುಖಕ್ಕ ಹಚ್ಚತಾರ. ಮೆಣಸಿನ ಅಗಿ ಹಚ್ಚಿದಂಗ.”

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿದವನು ಇದಕ್ಕಿಂತ ಚಂದ ಉಪಮೆ ಎಲ್ಲಿಂದ ತಂದಾನು? ನಾನು ನಕ್ಕೆ. ಅವನು ನಗಲಿಲ್ಲ. ಮೂರು ವರ್ಷದಲ್ಲಿ ಏಳು ಕಡೆ ಕನ್ಯಾ ನೋಡಿ ಬಂದಿದ್ದ. ಏಳೂ ಕಡೆ ‘ಆಮ್ಯಾಲ ಹೇಳಿ ಕಳಸ್ತೀವಿ’. ಒಂದು ಮನೆಯಲ್ಲಂತೂ ಚಹಾದ ಕಪ್ಪು ಒಳಗೆ ಒಯ್ದ ಹೆಣ್ಣುಮಗಳೊಬ್ಬಳು ‘ಹುಡುಗ ಇನ್ನೂ ಎಸ್ಸೆಸ್ಸೆಲ್ಸಿ ಹುಡುಗನ ಹಾಂಗ ಕಾಣತಾನ, ಮೀಸೀನ ಇಲ್ಲ’ ಎಂದದ್ದು ಹೊರಗೆ ಕೂತ ಇವನ ಕಿವಿಗೆ ಬಿದ್ದಿತ್ತು. ಮೇಲ್ದುಟಿಯ ಎರಡು ತುದಿಗೆ ನಾಲ್ಕು ಕೂದಲು, ನಡುವೆ ಬಯಲು, ಗದ್ದದ ಮೇಲೆ ಅಲ್ಲಲ್ಲಿ ಒಂದೊಂದು. ಅವನ ಮುಖ ಇದ್ದುದು ಹಾಗೆ. ಈರುಳ್ಳಿ ರಸ ತಿಕ್ಕಿದ್ದ. ಮಿನಾಕ್ಸಿಡಿಲ್ ಎಂಬ ಔಷಧಿಯನ್ನೂ ಆರು ತಿಂಗಳು ಹಚ್ಚಿದ್ದ. ಅದು ಮೊದಲು ರಕ್ತದೊತ್ತಡಕ್ಕೆಂದು ಬಂದ ಮಾತ್ರೆ, ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ಕಂಡು ಆಮೇಲೆ ಕೂದಲಿನ ಔಷಧಿಯಾಯಿತು. ಇವನಿಗೆ ಅದೂ ಹೆಚ್ಚೇನೂ ಮಾಡಲಿಲ್ಲ.

ನಾನು ಅಕ್ಕೋರು. ಹೀಗಾಗಿ ಅಲ್ಲೇ ಪಾಠ ಶುರು ಮಾಡಿದೆ. ಮುಖ ಮುಖ್ಯವಲ್ಲ, ಗುಣ ಮುಖ್ಯ ಎಂದೆ. ದಾಸಿಮಯ್ಯನನ್ನು ಕರೆದು ತಂದೆ. ಗಡ್ಡ ಮೀಸೆ ಹೊರಗಿನ ಗುರುತು ಮಾತ್ರ, ಆತ್ಮಕ್ಕೆ ಅದಿಲ್ಲ ಎಂದು ಮಾರ್ಚ್ 8ರ ಧಾಟಿಯಲ್ಲೇ ಹೇಳಿದೆ. ಅವನು ಎಲ್ಲ ಕೇಳಿ ಎರಡೇ ಮಾತು ಆಡಿದ.

“ಆತ್ಮಕ್ಕ ಯಾರ ಕನ್ಯಾ ಕೊಡ್ತಾರ, ಚಿಗವ್ವಾ?”

ನಾನು ಸುಮ್ಮನಾದೆ. ಆಮೇಲೆ ಅವನು ದನಿ ಇಳಿಸಿ, “ನೀ ಐತವಾರಕ್ಕೊಮ್ಮಿ ಕನ್ನಡಿ ಮುಂದ ಕುಂತು ಗದ್ದದ ಕೂದಲಾ ಕೀಳತಿದ್ದಿ. ನಾ ಸಣ್ಣಾಂವಿದ್ದಾಗ ನೋಡೇನಿ. ನೀ ತಗೀತಿ, ನಾ ಹಚ್ಚಿಸ್ಕೋತೇನಿ. ಏನ ಫರಕ?” ಎಂದ.

ಓದುವ ತಂಗಿಯರೇ, ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಆದರೆ ನಿಮ್ಮಲ್ಲಿಯೂ ಹಲವರ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಸಣ್ಣದೊಂದು ಚಿಮಟ ಇರಬಹುದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನನ್ನ ಗದ್ದದ ಮೇಲೆ 35ನೆಯ ವಯಸ್ಸಿಗೇ ಎರಡು ಗಟ್ಟಿ ಕೂದಲು ಕಂಡಿದ್ದವು. ಮುಟ್ಟು ನಿಂತ ಮೇಲೆ ಎರಡು ಎಂಟಾದವು. ಮೈಯಲ್ಲಿ ಹೆಣ್ಣು ಹಾರ್ಮೋನು ಇಳಿದಾಗ, ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇದ್ದೇ ಇರುವ ಗಂಡು ಹಾರ್ಮೋನಿನ ಕೈ ಮೇಲಾಗುತ್ತದೆ. ಅದಕ್ಕೇ ಹೀಗಾಗುತ್ತದೆ, ಇದು ರೋಗವಲ್ಲ. ಇದು ಗೊತ್ತಿದ್ದೂ ನಾನು ಯಜಮಾನರಿಗೂ ತಿಳಿಯದಂತೆ ಕೀಳುತ್ತ ಬಂದಿದ್ದೇನೆ. ತರಗತಿಯಲ್ಲಿ ಕಿಟಕಿಯ ಬೆಳಕು ಮುಖಕ್ಕೆ ಬೀಳದಂತೆ ನಿಲ್ಲುವುದನ್ನೂ ಕಲಿತಿದ್ದೇನೆ. ಇಂಥ ನಾನು ಗಂಡುಹುಡುಗನೊಬ್ಬನಿಗೆ ಆತ್ಮದ ಪಾಠ ಹೇಳಿದ್ದೆ.

ಆ ರಾತ್ರಿ ವಚನವನ್ನು ಮತ್ತೆ ತೆಗೆದು ಓದಿದೆ. ವಿಮರ್ಶೆ ಎಂಬ ದೊಡ್ಡ ಮಾತು ಬೇಡ. ಒಂದು ಪದದ ಮೇಲೆ ಕಣ್ಣು ನಿಂತಿತು. ದಾಸಿಮಯ್ಯ ‘ಇವಳು ಹೆಣ್ಣು, ಇವನು ಗಂಡು’ ಎನ್ನುವುದಿಲ್ಲ. ಜನ ಹಾಗೆ ಕರೆಯುತ್ತಾರೆ ಎನ್ನುತ್ತಾನೆ. ವಚನದ ಭಾರ ಇರುವುದು ಆ ಕರೆಯುವವರ ಮೇಲೆ. ನಾವು ವಿವರಣೆ ಬರೆಸುವಾಗ ಓಡಿ ಹೋಗಿ ಆತ್ಮವನ್ನು ಹಿಡಿದುಕೊಳ್ಳುತ್ತೇವೆ, ಪರೀಕ್ಷೆಯಲ್ಲಿ ಅಂಕ ಬರುವುದು ಅದಕ್ಕೇ. ಕರೆಯುವವರು ಯಾರು ಎಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕೇಳಿದವಳಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ವಚನದಲ್ಲಿ ಎರಡು ಪಾಲು ಸಮಸಮವಾಗಿವೆ, ಒಂದು ಹೆಣ್ಣಿನದು, ಒಂದು ಗಂಡಿನದು. ನಾವು ಹೆಂಗಸರು ಮೊದಲಿನ ಪಾಲನ್ನು ನಮ್ಮ ನೋವೆಂದು ತೆಗೆದುಕೊಂಡೆವು. ಎರಡನೆಯದು ಯಾರ ನೋವು? ಗುರುತು ಬಂದರೆ ಗಂಡು ಎಂದು ಕರೆಯುತ್ತಾರಾದರೆ, ಗುರುತು ಬಾರದವನನ್ನು ಏನೆಂದು ಕರೆಯುತ್ತಾರೆ? ವಚನ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಹೈಸ್ಕೂಲಿನ ಯಾವ ಗಂಡುಹುಡುಗನನ್ನು ಕೇಳಿದರೂ ಆ ಬೈಗುಳಗಳ ಪಟ್ಟಿ ಕೊಡುತ್ತಾನೆ.

ಇದೇ ಮಾತನ್ನು ಹೆಚ್ಚು ಕಡಿಮೆ ಇದೇ ಬಗೆಯಲ್ಲಿ ಹೇಳಿದ ಶರಣೆಯೊಬ್ಬಳಿದ್ದಾಳೆ, ಗೊಗ್ಗವ್ವೆ. ನಾಸ್ತಿನಾಥ ಎಂಬುದು ಅವಳ ಅಂಕಿತ. ಅವಳೂ ಮೈಯ ಗುರುತುಗಳಿಂದಲೇ ಶುರು ಮಾಡುತ್ತಾಳೆ. ಆದರೆ ದಾಸಿಮಯ್ಯ ಕೊನೆಗೆ ತೀರ್ಮಾನ ಕೊಟ್ಟರೆ ಗೊಗ್ಗವ್ವೆ ಪ್ರಶ್ನೆ ಕೇಳುತ್ತಾಳೆ. ಅವನು ಆತ್ಮ ಎಂದಲ್ಲಿ ಅವಳು ಜ್ಞಾನ ಎನ್ನುತ್ತಾಳೆ. ಈ ಇಬ್ಬರಲ್ಲೂ ಇರುವ ಜ್ಞಾನ ಹೆಣ್ಣೋ ಗಂಡೋ ಎಂದು ಅವಳು ಕೇಳುವ ರೀತಿ ನನಗೆ ಹೆಚ್ಚು ಹತ್ತಿರ. ಆತ್ಮದ ಮಾತಿಗೆ ಎಲ್ಲರೂ ತಲೆದೂಗಿ ಮನೆಗೆ ಹೋಗಬಹುದು. ಪ್ರಶ್ನೆ ಹಾಗೆ ಬಿಡುವುದಿಲ್ಲ, ಬೆನ್ನು ಹತ್ತುತ್ತದೆ.

‘ಆತ್ಮಕ್ಕೆ ಯಾರು ಕನ್ಯೆ ಕೊಡುತ್ತಾರೆ’ ಎಂಬ ಹುಡುಗನ ಮಾತಿಗೂ ವಚನದಲ್ಲಿ ಉತ್ತರವಿದೆಯೇ ಎಂದು ಹುಡುಕಿದೆ. ಉತ್ತರ ವಚನಕಾರನ ಬದುಕಿನಲ್ಲಿ ಸಿಕ್ಕಿತು. ದಾಸಿಮಯ್ಯ ಕಾಡಿನಲ್ಲೇ ಉಳಿದವನಲ್ಲ. ಮಗ್ಗದ ಮುಂದೆ ಕೂತು ಬಟ್ಟೆ ನೇಯ್ದ ಸಂಸಾರಿ. ದುಗ್ಗಳೆ ಅವನ ಹೆಂಡತಿ. ಗಂಡ ಹೆಂಡಿರು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಹಿತ ಎಂದು ಹೇಳಿದವನೂ ಅವನೇ. ಅಂದರೆ ಮೈಯ ಗುರುತಿನ ಆಚೆ ನೋಡಿ ಎಂದದ್ದು ಮದುವೆ ಬೇಡವೆಂದವನ ಮಾತಲ್ಲ, ಮದುವೆಯಾಗಿ ಬಾಳಿದವನ ಮಾತು. ಸನ್ಯಾಸಿ ಅಂದಿದ್ದರೆ ಹುಡುಗನಿಗೆ ಕೊಡಲು ನನ್ನ ಹತ್ತಿರ ಉತ್ತರವಿರುತ್ತಿರಲಿಲ್ಲ.

ಮೀಸೆಯ ಲೆಕ್ಕ ನಮ್ಮ ನಾಡಿನಲ್ಲಿ ಯಾವಾಗಲೂ ಹೀಗೆಯೇ ಇತ್ತೇ ಎಂದೂ ಯೋಚಿಸಿದೆ. ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಕಡೆ ಹೊರಟರೆ ಗುಡಗೇರಿ, ಸಂಶಿ ಆಗಿ ಕುಂದಗೋಳ ಬರುತ್ತದೆ. ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು, ಭೀಮಸೇನ ಜೋಶಿಯವರಿಗೂ ಗಂಗೂಬಾಯಿ ಹಾನಗಲ್ಲರಿಗೂ ಗುರುಗಳಾದವರು. ಅವರು ತಾರುಣ್ಯದಲ್ಲಿ ಮರಾಠಿ ನಾಟಕ ಕಂಪನಿಯಲ್ಲಿ ಹೆಣ್ಣುಪಾತ್ರ ಮಾಡಿ ಹೆಸರಾದರು. ಅದೇ ಕಾಲದ ಬಾಲಗಂಧರ್ವರು ಹೆಣ್ಣುವೇಷದಲ್ಲಿ ಉಟ್ಟ ಸೀರೆಯ ರೀತಿಯನ್ನು ಮನೆತನಸ್ಥ ಹೆಂಗಸರು ನೋಡಿ ಕಲಿತರಂತೆ. ಮೀಸೆ ಇಲ್ಲದ ಮುಖಕ್ಕೆ ಜನ ‘ಗಂಧರ್ವ’ ಎಂಬ ಬಿರುದು ಕೊಟ್ಟಿದ್ದರು. ನಮ್ಮದೇ ರೈಲುದಾರಿಯ ಮೇಲಿನ ಈ ಕಥೆಯನ್ನು ನಾವು ಹುಡುಗರಿಗೆ ಹೇಳುವುದಿಲ್ಲ.

ಮೀಸೆಯ ಇನ್ನೊಂದು ಕಥೆ ನಿಮಗೆಲ್ಲ ನೆನಪಿರಬಹುದು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರರನ್ನು ಕಾಡಿಗೆ ಒಯ್ದ. 108 ದಿನ ನಾಡು ಉಸಿರು ಬಿಗಿಹಿಡಿದಿತ್ತು. ಪತ್ರಿಕೆಗಳಲ್ಲಿ ದಿನವೂ ಎರಡು ಮುಖ. ಒಂದು ಆ ದೊಡ್ಡ ಗಿರಿಜಾ ಮೀಸೆಯದು, ಇನ್ನೊಂದು ನಮ್ಮ ಅಣ್ಣಾವ್ರದು. ಯಾರಲ್ಲಿ ಗಂಡಸುತನವಿತ್ತೆಂದು ಆಗ ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಪೊಲೀಸರ ಗುಂಡಿಗೆ ಸತ್ತಾಗ ಅವನ ಆ ಮೀಸೆ ಇರಲಿಲ್ಲ. ಗುರುತು ಸಿಗಬಾರದೆಂದು ಕತ್ತರಿಸಿ ಸಣ್ಣದು ಮಾಡಿಕೊಂಡಿದ್ದನಂತೆ. ಬದುಕಿದ್ದಾಗ ಹೆದರಿಸಲಿಕ್ಕೆ ಬೆಳೆಸಿದ್ದು, ಓಡುವಾಗ ಅಡ್ಡಿಯಾಯಿತು.

ಆದರೆ ಮೀಸೆಯನ್ನು ಬರೀ ಹಾಸ್ಯ ಮಾಡಿ ಮುಗಿಸಲಿಕ್ಕೂ ಆಗದು. 2017ರಲ್ಲಿ ಗುಜರಾತಿನ ಹಳ್ಳಿಯೊಂದರಲ್ಲಿ ಮೀಸೆ ಬಿಟ್ಟರೆಂದು ದಲಿತ ಯುವಕರಿಗೆ ಹೊಡೆದರು. ಆಗ ಎಷ್ಟೋ ಹುಡುಗರು ತಮ್ಮ ತಮ್ಮ ಮೊಬೈಲಿನಲ್ಲಿ ಮೀಸೆಯ ಚಿತ್ರ ಹಾಕಿಕೊಂಡು ಪ್ರತಿಭಟಿಸಿದರು. ಮೀಸೆ ಯಾರಿಗೆ ಇರಬೇಕು, ಯಾರಿಗೆ ಇರಬಾರದು ಎಂದು ಊರು ನಿರ್ಧರಿಸುವಲ್ಲಿ ಅದನ್ನು ಬಿಡುವುದೇ ಮಾನದ ಮಾತಾಗುತ್ತದೆ. ನಮ್ಮ ಮನೆಯ ಹುಡುಗನನ್ನು ಯಾರೂ ಹೊಡೆದಿರಲಿಲ್ಲ, ನಿಜ. ಅವನಿಗೆ ಬಿದ್ದ ಪೆಟ್ಟು ಚಹಾದ ಕಪ್ಪಿನ ಜೊತೆ ಬಂದದ್ದು.

ಇದೇ ನೋವನ್ನು ತಲೆಗೂದಲಿನ ಮೂಲಕ ಹೇಳಿದ ಕನ್ನಡ ಸಿನಿಮಾ ಒಂದಿದೆ. 2017ರಲ್ಲಿ ಬಂದ, ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ತಾವೇ ನಟಿಸಿದ ‘ಒಂದು ಮೊಟ್ಟೆಯ ಕಥೆ’. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನ, 28 ವರ್ಷ, ತಲೆ ಬೋಳು, ರಾಜಕುಮಾರರ ಭಕ್ತ, ಹೆಣ್ಣು ಸಿಗುತ್ತಿಲ್ಲ. 2019ರಲ್ಲಿ ಇದು ಹಿಂದಿಯಲ್ಲಿ ‘ಉಜಡಾ ಚಮನ್’ ಆಗಿಯೂ ಬಂತು. ಹೆಚ್ಚಿನವರು ಇದನ್ನು ಬೋಳುತಲೆಯವನ ಮೇಲಿನ ಕರುಣೆಯ ಸಿನಿಮಾ ಎಂದು ನೋಡಿ ನಕ್ಕು ಬಂದರು. ನನಗೆ ಅದರ ಬೆಲೆ ಇರುವುದು ಬೇರೆ ಕಡೆ. ತನ್ನ ತಲೆ ನೋಡಿ ಜನ ಬೇಡವೆಂದರೆಂದು ಅಳುವ ಜನಾರ್ದನ, ತಾನು ಮಾತ್ರ ಚೆಲುವೆಯನ್ನೇ ಹುಡುಕುತ್ತಾನೆ. ದಪ್ಪಗಿರುವ ಸರಳಾ ಎದುರಾದಾಗ ಅವನ ಕೈಯಲ್ಲೂ ಅದೇ ಅಳತೆಗೋಲು ಬರುತ್ತದೆ. ಪೆಟ್ಟು ತಿಂದವನೇ ಪೆಟ್ಟು ಕೊಡುವವನಾಗುವುದನ್ನು ಆ ಸಿನಿಮಾ ಮುಚ್ಚಿಡುವುದಿಲ್ಲ. ಗಡ್ಡ ಬೆಳೆಸಿದ ನಾಯಕರ ಸಿನಿಮಾಗಳಿಗೆ ಈ ಧೈರ್ಯವಿಲ್ಲ. 2018ರಲ್ಲಿ ‘ಕೆ.ಜಿ.ಎಫ್.’ ಬಂದ ಮೇಲೆ ನಮ್ಮ ಹೈಸ್ಕೂಲಿನ ಹುಡುಗರು ಕೂಡ ಗದ್ದ ಸವರಿಕೊಂಡು ತಿರುಗಿದರು. ಆ ಗಡ್ಡದ ಕೆಳಗೆ ಯಾವ ಸಂಶಯವೂ ಇಲ್ಲ. ಸಂಶಯವಿಲ್ಲದ ಮುಖವನ್ನು ನೋಡಿ ಮೀಸೆ ಬಾರದ ಹುಡುಗ ತನ್ನ ಮುಖವನ್ನು ಸಂಶಯದಿಂದ ನೋಡಿಕೊಳ್ಳುತ್ತಾನೆ.

ಸಿನಿಮಾದ ಜನಾರ್ದನನನ್ನು ಬೈಯುವುದು ಸುಲಭ. ನನ್ನ ಮಗಳಿಗೆ ವರ ನೋಡುವಾಗ ನಾನು ಏನು ಮಾಡಿದ್ದೆ? ಗದಗಿನ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವ, ಮಾತು ಮೆತ್ತಗೆ, ಉಂಡ ತಾಟು ತಾನೇ ಎತ್ತಿಟ್ಟ. ಅವರು ಹೋದ ಮೇಲೆ ಯಜಮಾನರು ‘ಹೆಂಗ?’ ಎಂದಾಗ ನಾನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಹುಡುಗ ಚೊಲೋ ಅದಾನ, ಆದ್ರ ಮುಖದಾಗ ಗಂಡಸ್ತನ ಇಲ್ಲ.” ಆ ಸಂಬಂಧ ಅಲ್ಲಿಗೇ ಬಿಟ್ಟಿತು. ಮಗಳನ್ನು ಒಂದು ಮಾತೂ ಕೇಳಲಿಲ್ಲ. ವಚನದಲ್ಲಿ ಕರೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬೇರೆಲ್ಲೂ ಇರಲಿಲ್ಲ, ನಮ್ಮ ಪಡಸಾಲೆಯಲ್ಲೇ ಇತ್ತು. ಚಹಾದ ಕಪ್ಪು ಒಳಗೆ ಒಯ್ದು ನನ್ನ ಅಕ್ಕನ ಮಗನನ್ನು ತೂಗಿದ ಆ ಹೆಣ್ಣುಮಗಳಿಗೂ ನನಗೂ ವ್ಯತ್ಯಾಸವಿಲ್ಲ. ಗಂಡಿನ ಮೀಸೆಯನ್ನು ಅಳೆಯುವವರು ಗಂಡಸರೇ ಎಂದು ನಾವು ತಿಳಿದಿದ್ದೇವೆ. ಕನ್ಯೆ ನೋಡುವ ಮನೆಯಲ್ಲಿ ಬಾಗಿಲ ಸಂದಿಯಿಂದ ಅಳೆಯುವವರು ನಾವು.

ಹುಡುಗಿಯರ ಅಭಾವದ ಈ ಕಾಲದಲ್ಲಿ ಆ ಅಳತೆ ಇನ್ನಷ್ಟು ಬಿಗಿಯಾಗಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದನ್ನು ನೀವು ಓದಿರಬಹುದು. ಹೆಣ್ಣು ಹುಟ್ಟುವುದು ಬೇಡವೆಂದ ಮನೆಗಳ ಸಾಲ ಗಂಡುಮಕ್ಕಳ ಹೆಗಲಿಗೆ ಬಂದಿದೆ. ನೌಕರಿ, ನೀರಾವರಿ ಹೊಲ, ಸ್ವಂತ ಮನೆ, ಇವೆಲ್ಲ ಹುಡುಗನ ಕೈಯಲ್ಲಿ ಇಲ್ಲದ ಮಾತು. ಮೀಸೆಯಾದರೂ ದುಡ್ಡು ಕೊಟ್ಟರೆ ಸಿಗುತ್ತದೆ ಎಂದು ಅವನು ಅತ್ತ ಹೋಗುತ್ತಾನೆ.

ಕೊನೆಗೆ ನಾನು ಅವನನ್ನು ತಡೆಯಲಿಲ್ಲ. ಒಂದೇ ಕರಾರು ಹಾಕಿದೆ, ನಾನೂ ಜೊತೆಗೆ ಬರುತ್ತೇನೆ ಎಂದು. ಹೋಗುವ ಮೊದಲು ಇದರ ಬಗೆಗೆ ಓದಿದೆ, ಪಾಠಕ್ಕೆ ತಯಾರಿ ಮಾಡಿದಂತೆ. 1939ರಲ್ಲಿ ಜಪಾನಿನ ಒಕುಡಾ ಎಂಬ ವೈದ್ಯರು ತಲೆ, ಹುಬ್ಬು, ಮೀಸೆಯ ಜಾಗಗಳಿಗೆ ಕೂದಲಿರುವ ಚರ್ಮದ ಸಣ್ಣ ತುಣುಕು ನೆಟ್ಟು ಬೆಳೆಸಿದ್ದನ್ನು ಬರೆದಿಟ್ಟರು. ಯುದ್ಧದ ಗದ್ದಲದಲ್ಲಿ ಅದು ಹೊರಗೆ ತಿಳಿಯಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ಓರೆಂಟ್ರೈಶ್ ಎಂಬವರು ಮುಖ್ಯ ಸಂಗತಿಯೊಂದನ್ನು ಪ್ರಕಟಿಸಿದರು. ಕೀಳಿ ನೆಟ್ಟ ಕೂದಲು ಹೋದ ಜಾಗದ ಗುಣ ಪಡೆಯುವುದಿಲ್ಲ, ಬಂದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು. ಗಂಡನ ಮನೆಗೆ ಹೋದ ಹೆಣ್ಣು ತವರಿನ ನಡೆ ಬಿಡದ ಹಾಗೆ ಎಂದು ನಾನು ನೆನಪಿಟ್ಟುಕೊಂಡೆ. ಅದಕ್ಕೇ ಮುಖಕ್ಕೆ ನೆಟ್ಟ ತಲೆಗೂದಲು ತಲೆಗೂದಲಿನಂತೆಯೇ ಬೆಳೆಯುತ್ತದೆ, ಮತ್ತೆ ಮತ್ತೆ ಕತ್ತರಿಸಬೇಕಾಗುತ್ತದೆ.

ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಇನ್ನೊಂದು. ಮುಖದ ಮೇಲೆ ಗಡ್ಡ ಬೆಳೆಸುವ ಹಾರ್ಮೋನೇ ಎಷ್ಟೋ ಜನರ ನೆತ್ತಿಯ ಕೂದಲು ಉದುರಿಸುತ್ತದೆ. ಜನಾರ್ದನನ ಬೋಳುತಲೆಯೂ ನಾಯಕನ ಗಡ್ಡವೂ ಒಂದೇ ನೀರು ಕುಡಿದವು. ಗಡ್ಡ ದಟ್ಟವಾಗುವುದು ಕೂದಲಿನ ಬೇರು ಆ ಹಾರ್ಮೋನಿಗೆ ಎಷ್ಟು ಓಗೊಡುತ್ತದೆ ಎಂಬುದರ ಮೇಲೆ. ಅದು ತಂದೆ ತಾಯಿಯ ವಂಶದಿಂದ ಬರುವುದು. ಆರೋಗ್ಯವಂತ ಹುಡುಗನ ಮುಖದಲ್ಲಿ ಮೀಸೆ ವಿರಳವಾಗಿದ್ದರೆ ಅವನ ಗಂಡಸುತನಕ್ಕೆ ಕೊರತೆಯೆಂದು ಅರ್ಥವಲ್ಲ.

ಹುಬ್ಬಳ್ಳಿಯಲ್ಲಿ ಮೊದಲು ಹೋದ ಕಡೆ ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಯ ಮೇಲೆ ಹಿಂದೆ ಮತ್ತು ಮುಂದೆ ಎಂದು ಜೋಡಿ ಫೋಟೋ. ಬಿಳಿ ಕೋಟು ಹಾಕಿದ ಹುಡುಗನೊಬ್ಬ ‘ಇವತ್ತ ಅಡ್ವಾನ್ಸ್ ಕೊಟ್ಟರ ರಿಯಾಯತಿ’ ಎಂದ. “ಕೊಯ್ಯೋರು ಯಾರು? ಅವರು ಏನು ಓದ್ಯಾರ?” ಎಂದು ಕೇಳಿದೆ. “ನಮ್ಮ ಟೀಮ್ ಮಾಡತೈತ್ರಿ, ಮೇಡಂ” ಎಂದ. ಟೀಮ್ ಎಂಬುದು ಪದವಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಪ್ಲಾಸ್ಟಿಕ್ ಸರ್ಜರಿ ಇಲ್ಲವೆ ಚರ್ಮರೋಗ ಶಾಸ್ತ್ರದಲ್ಲಿ ತರಬೇತಾದ ವೈದ್ಯರು ಇದನ್ನು ಮಾಡಬೇಕು, ಯೂಟ್ಯೂಬು ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಅದರಲ್ಲಿ ಹೇಳಿದೆ. ಅದನ್ನು ಓದಿಕೊಂಡು ಹೋಗಿದ್ದೆ. ಹುಡುಗನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದೆ. 2025ರಲ್ಲಿ ಕಾನ್ಪುರದಲ್ಲಿ ಕೂದಲು ನೆಡಿಸಿಕೊಂಡ ಇಬ್ಬರು ಇಂಜಿನಿಯರರು ತೀರಿಕೊಂಡ ಸುದ್ದಿ ಓದಿದಾಗ ಆ ಗಾಜಿನ ಬಾಗಿಲು ನೆನಪಾಗಿ ಮೈ ನಡುಗಿತು. ಹೆಣ್ಣುಮಕ್ಕಳ ಕಥೆಯೂ ಬೇರೆಯಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಚೆಂದಕ್ಕೆಂದು ಹೋದವರು ರೋಗಿಗಳಲ್ಲ, ಆದರೆ ಕತ್ತಿ ಅವರನ್ನೂ ರೋಗಿಗಳಂತೆಯೇ ಕೊಯ್ಯುತ್ತದೆ.

ಆಮೇಲೆ ಹುಡುಕಿ ಹೋದ ಚರ್ಮರೋಗ ತಜ್ಞೆ ಮೊದಲು ಅವನನ್ನು ಕೇಳಿದ್ದು, “ಇದು ನಿಮಗ ಬೇಕೋ, ಮನಿಯವರಿಗೋ?” ಎಂದು. ಅವಸರ ಮಾಡಿಸಲಿಲ್ಲ, ಎರಡು ತಿಂಗಳು ಯೋಚಿಸಿ ಬರಲು ಹೇಳಿದರು. ಇದು ಹುಟ್ಟಿದ್ದು ಬರೀ ಶೋಕಿಗಲ್ಲ ಎಂದೂ ಅವರಿಂದ ತಿಳಿಯಿತು. ಸುಟ್ಟ ಗಾಯದವರಿಗೆ, ಸೀಳುತುಟಿ ಹೊಲಿಸಿಕೊಂಡು ಗುರುತು ಉಳಿದವರಿಗೆ ಇದೇ ಕೆಲಸ ಮುಖವನ್ನು ಮರಳಿ ಕೊಡುತ್ತದೆ. ಸೀಳುತುಟಿಯ ಹುಡುಗನೊಬ್ಬ ನನ್ನ ತರಗತಿಯಲ್ಲಿ ಮೂರು ವರ್ಷ ಬಾಯಿಗೆ ಕೈ ಅಡ್ಡ ಹಿಡಿದೇ ಓದಿದ್ದ. ಅವನಿಗೆ ಯಾರಾದರೂ ಮೀಸೆ ನೆಟ್ಟರೆ ನಾನು ಆತ್ಮದ ಮಾತು ಆಡುತ್ತಿದ್ದೆನೇ? ಇಲ್ಲ. ಹಾಗಾದರೆ ಯಾವ ನೋವು ದೊಡ್ಡದು, ಯಾವುದು ಸಣ್ಣದು ಎಂದು ಹೊರಗಿನಿಂದ ಅಳೆಯುವ ನಾನು ಯಾರು?

2024ರ ಜನವರಿಯಲ್ಲಿ ಕೆಲಸ ನಡೆಯಿತು. ಮರಗಟ್ಟಿಸುವ ಸೂಜಿ ಚುಚ್ಚಿ ತಲೆಯ ಹಿಂದಿನಿಂದ ಸುಮಾರು 600 ಕೂದಲ ಬುಡಗಳನ್ನು ಒಂದೊಂದಾಗಿ ತೆಗೆದು ಮೇಲ್ದುಟಿಗೂ ಗದ್ದಕ್ಕೂ ಇಟ್ಟರು. ಬೆಳಿಗ್ಗೆ ಒಳಗೆ ಹೋದವನು ಸಂಜೆಗೆ ಹೊರಗೆ ಬಂದ. ಖರ್ಚು 60,000 ರೂಪಾಯಿ, ಅದರಲ್ಲಿ ಅರ್ಧ ನನ್ನ ಚೀಟಿಯ ದುಡ್ಡು. ಮುಖದ ತುಂಬ ಕೆಂಪು ಚುಕ್ಕೆ. ಅಕ್ಕ ನೋಡಿ ಅತ್ತಳು. ಮೂರು ವಾರಕ್ಕೆ ನೆಟ್ಟ ಕೂದಲೆಲ್ಲ ಉದುರಿದವು. “ಚಿಗವ್ವಾ, ಬೆಳಿ ಹೋತು” ಎಂದು ಫೋನು ಮಾಡಿದ. ಹಾಗೆ ಉದುರುವುದೇ ಕ್ರಮ, ಬೇರು ಒಳಗೆ ಇರುತ್ತದೆ, ಮೂರು ನಾಲ್ಕು ತಿಂಗಳಿಗೆ ಚಿಗುರುತ್ತದೆ, ಪೂರ್ತಿಯಾಗಲಿಕ್ಕೆ ವರ್ಷ ಬೇಕು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಕಾರಹುಣ್ಣಿಮೆಯ ಹೊತ್ತಿಗೆ ಮೀಸೆಯ ಸಾಲು ಕಂಡಿತು.

ಇದರಿಂದ ಮದುವೆಯಾಯಿತೇ ಎಂದು ನೀವು ಕೇಳುವಿರಿ. ಇಲ್ಲ. ಮೀಸೆ ಬಂದ ಮೇಲೆ ನೋಡಿದ ಮೊದಲ ಮನೆಯವರು ಸರಕಾರಿ ನೌಕರಿ ಇಲ್ಲವೆಂದರು. ಎರಡನೆಯವರು ಹೊಲಕ್ಕೆ ನೀರಿಲ್ಲವೆಂದರು. ಅಂದರೆ ಮೊದಲಿನ ಏಳು ಮನೆಗಳಲ್ಲೂ ಮೀಸೆ ಒಂದು ನೆಪವಾಗಿತ್ತೋ ಏನೋ. ಹಾಗಾದರೆ 60,000 ನೀರಿಗೆ ಹೋಯಿತೆಂದು ಬರೆದು ನಾನು ಗೆದ್ದೆನೆಂದು ಮುಗಿಸಬಹುದಿತ್ತು. ಆದರೆ ಈಗ ಅವನು ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವುದಿಲ್ಲ. ಅಣ್ಣತಮ್ಮಂದಿರ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ನಿಂತು ಬಡಿಸುತ್ತಾನೆ, ಎದುರು ಬಂದವರ ಮುಖ ನೋಡಿ ಮಾತಾಡುತ್ತಾನೆ. ‘ಮೀಸಿ ಬಂದಿದ್ದಕ್ಕ ಗಂಡಸಾದೆನೇನು?’ ಎಂದು ಒಮ್ಮೆ ಕೆಣಕಿದೆ. “ಇಲ್ಲ ಚಿಗವ್ವಾ, ಆ ಮಾತು ಮರತು ಕುಂದ್ರಾಕ ಆತು” ಎಂದ. ಗುರುತು ಸಿಕ್ಕ ಮೇಲೆ ಗುರುತನ್ನು ಮರೆಯುವುದು ಸಾಧ್ಯವಾಯಿತು ಎಂಬ ಈ ಮಾತಿಗೆ ದಾಸಿಮಯ್ಯ ಏನೆನ್ನುತ್ತಿದ್ದನೋ. ನನಗೆ ಮಾತ್ರ ಇದರಲ್ಲಿ ಹುಡುಗನ ತಪ್ಪಿಗಿಂತ, ಮರೆಯಲು ಅಷ್ಟು ಬೆಲೆ ಕೊಡಿಸಿದ ನಮ್ಮೆಲ್ಲರ ತಪ್ಪು ಹೆಚ್ಚು ಕಾಣುತ್ತದೆ.

ಕಳೆದ ಮಾರ್ಚ್ 8ರಂದು ನಾನು ಅದೇ ವಚನ ಹೇಳಿದೆ. ಈ ಸಲ ಚಪ್ಪಾಳೆ ಬೀಳುವ ಮೊದಲೇ ನಿಲ್ಲಿಸಿ, ಅದರ ಎರಡನೆಯ ಪಾಲು ಯಾರ ಕಡೆಗಿದೆ ಎಂದು ಕೇಳಿದೆ. ಹುಡುಗಿಯರು ಸುಮ್ಮನಿದ್ದರು. ಹಿಂದಿನ ಬೆಂಚಿನ ಹುಡುಗರಲ್ಲಿ ಗುಸುಗುಸು ಎದ್ದಿತು. ಒಂಬತ್ತನೆಯ ತರಗತಿಯ ಸಣ್ಣ ಗಾತ್ರದ ಹುಡುಗನೊಬ್ಬ, ಗೆಳೆಯರು ಯಾವಾಗಲೂ ಹುಡುಗಿಯ ಹೆಸರಿನಿಂದ ಕರೆಯುವವನು, ತಲೆ ಎತ್ತಿ ನನ್ನನ್ನೇ ನೋಡಿದ. ಆ ಹೆಸರನ್ನು ನಾನೂ ಕೇಳಿಸಿಕೊಂಡು ಎಷ್ಟೋ ಸಲ ನಕ್ಕಿದ್ದೆ. ಅಂದಿನಿಂದ ನನ್ನ ತರಗತಿಯಲ್ಲಿ ಆ ಹೆಸರು ಬಂದ್.

ನಿಮ್ಮಲ್ಲಿ ಹಲವರ ಮನೆಗೆ ಈ ವರ್ಷ ವರ ನೋಡಲು ಬರುವವರಿದ್ದಾರೆ. ಚಹಾದ ತಾಟು ಒಳಗೆ ತಂದಾಗ ಬಾಯಿಗೆ ಬರುವ ಮೊದಲ ಮಾತನ್ನು ಒಂದು ಗಳಿಗೆ ತಡೆದು ನೋಡಿ. ಹೊರಗೆ ಕೂತವನಿಗೆ ಕಿವಿ ಇರುತ್ತವೆ.

ನನ್ನ ಚಿಮಟದ ಮಾತು ಉಳಿಯಿತು. ಅದು ಇನ್ನೂ ಕಪಾಟಿನಲ್ಲೇ ಇದೆ, ಐತವಾರ ಹೊರಗೆ ಬರುತ್ತದೆ. ಬಾಗಿಲಿಗೆ ಅಗಳಿ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ.